ಹವಾಯಿಯ ಒಂದು ಲೆಕ್ಕ, ಮನೆಮನೆಯ ವೈಫೈ

ನೆಟ್‌ವರ್ಕ್ ತಂತ್ರಜ್ಞಾನ ಕಲಿತವರು ಕಂಪನಿ ಸೇರುವುದನ್ನು ಬಿಟ್ಟು ವಿಶ್ವವಿದ್ಯಾಲಯದಲ್ಲಿ ಪ್ರಬಂಧ ಬರೆಯುತ್ತ ಕೂತರೆ ಸಮಾಜಕ್ಕೇನು ಲಾಭ? ಈ ಪ್ರಶ್ನೆಗೆ ಹವಾಯಿ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ನಾರ್ಮನ್ ಅಬ್ರಾಮ್ಸನ್ ಅವರ ಕೆಲಸದಲ್ಲಿ ಗಟ್ಟಿ ಉತ್ತರವಿದೆ. ದ್ವೀಪಗಳಲ್ಲಿ ಚದುರಿದ್ದವರಿಗೆ ಹೊನಲುಲುವಿನ ಕಂಪ್ಯೂಟರನ್ನು ರೇಡಿಯೊ ಮೂಲಕ ಒದಗಿಸಲು ಅವರ ತಂಡ 1971ರಲ್ಲಿ ಅಲೋಹಾನೆಟ್ ಶುರುಮಾಡಿತು. ನಿಯಮ ಸರಳ: ಮಾಹಿತಿ ಸಿದ್ಧವಾದೊಡನೆ ಕಳಿಸು, ತಲುಪಿದ ಸುದ್ದಿ ಬಾರದಿದ್ದರೆ ಸ್ವಲ್ಪ ಕಾದು ಮತ್ತೆ ಕಳಿಸು. ಎಷ್ಟು ಕಾಯಬೇಕೆಂಬುದಕ್ಕೆ ಗೊತ್ತಾದ ಅಳತೆ ಇರಕೂಡದು. ಎಲ್ಲರೂ ಬಳಸುವ ಒಂದೇ ರೇಡಿಯೊ ಚಾನೆಲ್‌ನಲ್ಲಿ ಇಬ್ಬರು ಒಟ್ಟಿಗೆ ಕಳಿಸಿದರೆ ಮಾಹಿತಿ ಡಿಕ್ಕಿಯಾಗಿ ಕೆಡುತ್ತದೆ; ಆ ಇಬ್ಬರೂ ಒಂದೇ ಹೊತ್ತು ಕಾದರೆ ಮತ್ತೆ ಡಿಕ್ಕಿಯೇ ಗತಿ.

ಈ ಪದ್ಧತಿಯ ಮಿತಿಯನ್ನೂ ಅಬ್ರಾಮ್ಸನ್ ಲೆಕ್ಕಹಾಕಿ ಪ್ರಕಟಿಸಿದರು: ಚಾನೆಲ್‌ನ ಸಾಮರ್ಥ್ಯದಲ್ಲಿ ಹೆಚ್ಚೆಂದರೆ ಶೇ 18ರಷ್ಟು ಮಾತ್ರ ಬಳಕೆಗೆ ಸಿಗುತ್ತದೆ. ಮಾರಾಟಗಾರ ಮುಚ್ಚಿಡಬಹುದಾದ ಈ ಅಂಕಿಯೇ ಮುಂದಿನವರಿಗೆ ದಾರಿಯಾಯಿತು. ಸಮಯವನ್ನು ತುಂಡುಗಳಾಗಿ ಕತ್ತರಿಸಿ, ಪ್ರತಿ ತುಂಡಿನ ಆರಂಭದಲ್ಲಷ್ಟೇ ಕಳಿಸಿದರೆ ಆ ಮಿತಿ ಇಮ್ಮಡಿಯಾಗುತ್ತದೆಂದು ಸಂಶೋಧಕ ಲಾರೆನ್ಸ್ ರಾಬರ್ಟ್ಸ್ 1972ರಲ್ಲಿ ತೋರಿಸಿದರು. ಮೊಬೈಲ್ ಫೋನು ಟವರನ್ನು ಮೊದಲು ಸಂಪರ್ಕಿಸುವಾಗ ಇಂದಿಗೂ ಇದೇ ತತ್ವ ಕೆಲಸಕ್ಕೆ ಬರುತ್ತದೆ.

ಕಂಪ್ಯೂಟರುಗಳನ್ನು ತಂತಿಯಿಂದ ಜೋಡಿಸುವ, ಅಲೋಹಾನೆಟ್‌ನ ಜಾಡಿನಲ್ಲೇ ಬಂದ ಈಥರ್ನೆಟ್ ಹುಟ್ಟಿದ್ದು ಜೆರಾಕ್ಸ್ ಕಂಪನಿಯಲ್ಲಿ ಅಲ್ಲವೇ ಎಂದು ಕೇಳಬಹುದು. ನಿಜ. ಆದರೆ ಅದನ್ನು 1973ರಲ್ಲಿ ರೂಪಿಸಿದ ಬಾಬ್ ಮೆಟ್‌ಕಾಫ್ ಅದಕ್ಕೂ ಮೊದಲು ಅಬ್ರಾಮ್ಸನ್ ಪ್ರಬಂಧ ಓದಿ, ಅದರಲ್ಲೊಂದು ಕೊರತೆ ಗುರುತಿಸಿದ್ದರು. ಉತ್ತರ ಬಾರದಿದ್ದರೂ ಬಳಕೆದಾರರು ಟೈಪ್ ಮಾಡುತ್ತಲೇ ಇರುತ್ತಾರೆಂದು ಆ ಲೆಕ್ಕ ಭಾವಿಸಿತ್ತು. ಅದನ್ನು ತಿದ್ದಿದ ವಿಶ್ಲೇಷಣೆ ಮೆಟ್‌ಕಾಫ್ ಅವರ ಹಾರ್ವರ್ಡ್ ಪಿಎಚ್‌ಡಿ ಪ್ರಬಂಧ ಸೇರಿತು. ಲೆಕ್ಕ ಕಂಪನಿಯ ಕಪಾಟಿನಲ್ಲಿ ಬೀಗ ಬಿದ್ದಿದ್ದರೆ ಕೊರತೆಯೂ ಕಾಣುತ್ತಿರಲಿಲ್ಲ, ತಿದ್ದುಪಡಿಯೂ ಆಗುತ್ತಿರಲಿಲ್ಲ. ಚಾನೆಲ್ ಖಾಲಿಯಿದೆಯೇ ಎಂದು ಆಲಿಸಿ, ಡಿಕ್ಕಿಯಾದರೆ ಗೊತ್ತಾದ ಅಳತೆಯಿಲ್ಲದೆ ಕಾಯುವ ವೈಫೈ ಕೂಡ ಇದೇ ವಂಶದ್ದು. ಆ ಕಾಯುವಿಕೆಯ ಗಣಿತದ ಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅನುರಾಗ್ ಕುಮಾರ್ ಮತ್ತು ಸಂಗಡಿಗರು ಮಹತ್ವದ ಕೆಲಸ ಮಾಡಿದ್ದಾರೆ.

ಬಹಳಷ್ಟು ಪ್ರಬಂಧಗಳು ಯಾರಿಗೂ ಉಪಯೋಗಕ್ಕೆ ಬರುವುದಿಲ್ಲವೆಂಬ ಆಕ್ಷೇಪವೂ ಸುಳ್ಳಲ್ಲ. ಆದರೆ ಯಾವುದು ಫಲಿಸುತ್ತದೆಂದು ಮೊದಲೇ ಆರಿಸುವ ವಿದ್ಯೆ ಯಾರಲ್ಲೂ ಇಲ್ಲ. ಹಾಗಾಗಿ ಸಂಶೋಧಕರನ್ನು ಪ್ರಬಂಧಗಳ ಸಂಖ್ಯೆಯಿಂದ ಅಳೆಯುವುದು ನಿಲ್ಲಬೇಕು. ತಮ್ಮ ಕೆಲಸದ ಮಿತಿಯನ್ನು ಎಷ್ಟು ಸ್ಪಷ್ಟವಾಗಿ, ಬೇರೆಯವರು ಪರೀಕ್ಷಿಸುವಂತೆ ಬರೆದರು ಎಂಬುದೇ ಅಳತೆಗೋಲಾಗಬೇಕು. ಅದಕ್ಕೆ ಬೇಕಾದ ಕಾಲಾವಕಾಶವನ್ನು ವಿಶ್ವವಿದ್ಯಾಲಯಗಳು ಧೈರ್ಯದಿಂದ ಕೊಡಬೇಕು.