ಎರಡು ದೋಣಿಯ ಮಾತು: ಕಲೆ, ಕಸುಬು, ಸಂಸಾರದ ಸುತ್ತ ಆರು ತಪ್ಪು ಕಲ್ಪನೆಗಳು

ಬಂಡೆ ರಂಗನಾಥನ ತಂಬ್ರಹಳ್ಳಿಯಿಂದ ಹಿಡಿದು ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಕೂಡ್ಲಿಗಿ, ಹಡಗಲಿ, ಹರಪನಹಳ್ಳಿವರೆಗಿನ ಸೀಮೆಯಲ್ಲಿ ಬರೀ ಕಲಾವಿದನಾಗಿ ಬದುಕುವವರು ಅಪರೂಪ. ರಾತ್ರಿ ದುರ್ಯೋಧನನ ಕಿರೀಟ ತೊಡುವಾತ ಹಗಲು ಕಿರಾಣಿ ಅಂಗಡಿಯಲ್ಲಿ ಎಣ್ಣೆ ಅಳೆಯುತ್ತಾನೆ. ಸೋಬಾನೆ ಹಾಡುವಾಕೆ ಹೊಲಿಗೆ ಮಷಿನ್ನಿನ ಮುಂದೆ ಕೂತು ರವಿಕೆ ಹೊಲಿಯುತ್ತಾಳೆ. ಫೋಟೊ ಸ್ಟುಡಿಯೊ ಇಟ್ಟ ಹುಡುಗ ಮದುವೆ ಸೀಸನ್ ಮುಗಿದ ಮೇಲೆ ಕಿರುಚಿತ್ರದ ಕನಸು ಕಾಣುತ್ತಾನೆ. ಇಂಥವರಿಗೆ ಊರಿನ ಕಟ್ಟೆಯೂ ಬುದ್ಧಿ ಹೇಳುತ್ತದೆ, ಮೊಬೈಲ್ ವಿಡಿಯೊಗಳೂ ಹೇಳುತ್ತವೆ. ಆ ಮಾತುಗಳಲ್ಲಿ ನಿಜ ಎಷ್ಟು, ಸುಳ್ಳು ಎಷ್ಟು ಎಂದು ಒಂದೊಂದಾಗಿ ನೋಡೋಣ.

ತಪ್ಪು ಕಲ್ಪನೆ 1: ಎರಡು ದೋಣಿಯ ಮೇಲೆ ಕಾಲಿಟ್ಟವನು ಮುಳುಗುತ್ತಾನೆ. ಕಲೆ ಬೇಕಾದರೆ ಕಸುಬು ಬಿಡಬೇಕು.

ಸತ್ಯ: ಹಳೆಯ ಬಳ್ಳಾರಿ ಜಿಲ್ಲೆಯ ಚರಿತ್ರೆಯೇ ಇದಕ್ಕೆ ಎದುರು ಸಾಕ್ಷಿ. ದಕ್ಷಿಣ ಭಾರತದ ರಂಗಭೂಮಿಯಲ್ಲಿ ದೊಡ್ಡ ಹೆಸರಾದ ಬಳ್ಳಾರಿ ರಾಘವ (1880–1946) ವೃತ್ತಿಯಿಂದ ವಕೀಲರು. ಕನ್ನಡ, ತೆಲುಗು, ಇಂಗ್ಲಿಷ್ ಮೂರೂ ಭಾಷೆಯ ನಾಟಕಗಳಲ್ಲಿ ನಟಿಸಿದರು. ಕೋರ್ಟಿನ ಸಂಪಾದನೆ ಇದ್ದುದರಿಂದ ನಾಟಕ ಅವರಿಗೆ ಹೊಟ್ಟೆಪಾಡಿನ ದಾರಿಯಾಗಬೇಕಿರಲಿಲ್ಲ. ಹೂವಿನಹಡಗಲಿಯಲ್ಲಿ ರಂಗಭಾರತಿ ಕಟ್ಟಿದ ಎಂ.ಪಿ. ಪ್ರಕಾಶ್ (1940–2011) ವಕೀಲಿಕೆ ಮಾಡಿದರು, ರಾಜಕಾರಣಕ್ಕಿಳಿದು ಉಪಮುಖ್ಯಮಂತ್ರಿಯೂ ಆದರು, ರಂಗದ ನಂಟು ಮಾತ್ರ ಬಿಡಲಿಲ್ಲ. ಕೊಟ್ಟೂರಿನಲ್ಲಿ ಹುಟ್ಟಿದ ಕುಂ. ವೀರಭದ್ರಪ್ಪ ಆಂಧ್ರದ ಹಳ್ಳಿಗಳಲ್ಲಿ ಮೇಷ್ಟ್ರಾಗಿದ್ದುಕೊಂಡೇ ಕಥೆ, ಕಾದಂಬರಿ ಬರೆದರು. ಅವರ ‘ಅರಮನೆ’ಗೆ 2007ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ಹೊಟ್ಟೆಪಾಡಿನ ಕೆಲಸ ಕಲೆಗೆ ಕುಂದು ಎನ್ನುವವರು ಮರಿಯಮ್ಮನಹಳ್ಳಿಯ ಮಂಜಮ್ಮ ಜೋಗತಿಯವರನ್ನು ನೆನೆಯಬೇಕು. ಮನೆಯಿಂದ ದೂರವಾದ ದಿನಗಳಲ್ಲಿ ಅವರು ಇಡ್ಲಿ ಮಾರಿದರು, ಮಕ್ಕಳಿಗೆ ಪಾಠ ಹೇಳಿಕೊಟ್ಟರು. ಕಾಳವ್ವ ಜೋಗತಿಯವರ ಬಳಿ ಜೋಗತಿ ನೃತ್ಯ ಕಲಿತರು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಇಡ್ಲಿ ಪಾತ್ರೆ ಅವರ ಕುಣಿತವನ್ನು ಕೆಡಿಸಲಿಲ್ಲ. ಕುಣಿತ ಕೈಹಿಡಿಯುವತನಕ ಅನ್ನ ಕೊಟ್ಟಿತು.

ತಪ್ಪು ಕಲ್ಪನೆ 2: ಒಂದೇ ಹೊತ್ತಿಗೆ ನಾಲ್ಕು ಕೆಲಸ ಮಾಡಬಲ್ಲವರೇ ಕಲೆ, ಕಸುಬು, ಸಂಸಾರ ಮೂರನ್ನೂ ನಿಭಾಯಿಸುತ್ತಾರೆ.

ಸತ್ಯ: ಗಿರಾಕಿಗೆ ಚಿಲ್ಲರೆ ಎಣಿಸುತ್ತಾ ಪದ್ಯ ಹೊಸೆಯುವುದನ್ನು ಜಾಣತನ ಎಂದುಕೊಂಡಿದ್ದೇವೆ. ಮೆದುಳು ಹಾಗೆ ಕೆಲಸ ಮಾಡುವುದಿಲ್ಲ. ಗಮನ ಬೇಡುವ ಎರಡು ಕೆಲಸಗಳನ್ನು ಅದು ಒಟ್ಟಿಗೆ ನಡೆಸದೆ ಒಂದರಿಂದ ಇನ್ನೊಂದಕ್ಕೆ ಹೊರಳುತ್ತಿರುತ್ತದೆ, ಪ್ರತಿ ಹೊರಳಿಗೂ ಸಮಯ ಹೋಗುತ್ತದೆ, ತಪ್ಪೂ ಹೆಚ್ಚುತ್ತದೆ. ಅಮೆರಿಕದ ಸಂಶೋಧಕಿ ಸೋಫಿ ಲೆರಾಯ್ 2009ರಲ್ಲಿ ಇನ್ನೊಂದು ಸಂಗತಿ ತೋರಿಸಿದರು: ಅರ್ಧಕ್ಕೆ ಬಿಟ್ಟು ಬಂದ ಕೆಲಸದಲ್ಲೇ ಗಮನದ ಒಂದು ಪಾಲು ಉಳಿದುಬಿಡುತ್ತದೆ, ಮುಂದಿನ ಕೆಲಸಕ್ಕೆ ಸಿಗುವುದು ಮಿಕ್ಕಿದ್ದು.

ಹಳ್ಳಿಯ ನಾಟಕದವರಿಗೆ ಇದು ಪುಸ್ತಕ ಓದದೆಯೂ ಗೊತ್ತು. ತಾಲೀಮು ನಡೆಯುವುದು ಅಂಗಡಿಯ ಬಾಗಿಲೆಳೆದು, ಉಂಡು, ಎಲ್ಲರೂ ಒಂದೆಡೆ ಸೇರಿದ ಮೇಲೆ. ಪೇಟಿ ಮಾಸ್ತರು ಶ್ರುತಿ ಹಿಡಿದರೆ ಆ ಹೊತ್ತು ಪೂರ್ತಿ ನಾಟಕದ್ದು. ದಿನಕ್ಕೆ ಒಂದೂವರೆ ತಾಸೇ ಇರಲಿ, ಗಡಿ ಹಾಕಿಕೊಂಡ ಒಂದೂವರೆ ತಾಸು ದಿನವಿಡೀ ಚೂರುಚೂರಾದ ಐದು ತಾಸಿಗಿಂತ ಮೇಲು.

ತಪ್ಪು ಕಲ್ಪನೆ 3: ಸಮತೋಲನ ಅಂದರೆ ದಿನಾ ಮೂರಕ್ಕೂ ಸಮಪಾಲು. ಒಂದು ದಿನ ತಪ್ಪಿದರೂ ಕೆಟ್ಟಿತು.

ಸತ್ಯ: ಮಳೆ ನಂಬಿದ ನಾಡಿನಲ್ಲಿ ದಿನದ ಲೆಕ್ಕ ಯಾವತ್ತೂ ನಿಂತಿಲ್ಲ, ನಿಲ್ಲುವುದು ಹಂಗಾಮಿನ ಲೆಕ್ಕ. ಮೆಕ್ಕೆಜೋಳ, ಶೇಂಗಾ, ಈರುಳ್ಳಿ ಮನೆ ಸೇರುವ ತಿಂಗಳುಗಳಲ್ಲಿ ಬಯಲಾಟದ ಮಾತೇ ಇಲ್ಲ. ಸುಗ್ಗಿ ಮುಗಿದು ಮೈಲಾರದ ಕಾರಣಿಕ, ಕೊಟ್ಟೂರು ಗುರುಬಸವೇಶ್ವರರ ತೇರು ಸಮೀಪಿಸಿತೆಂದರೆ ಜಾತ್ರೆ ಬಯಲಲ್ಲಿ ನಾಟಕ ಕಂಪನಿಗಳ ತಗಡಿನ ಥಿಯೇಟರು ಏಳುತ್ತವೆ, ಊರೂರಲ್ಲಿ ಪಾತ್ರ ಹಂಚಿಕೆಯಾಗುತ್ತದೆ. ವ್ಯಾಪಾರಕ್ಕೂ ಹಂಗಾಮಿದೆ. ಬಟ್ಟೆ ಹೊಲಿಯುವವರಿಗೆ ದೀಪಾವಳಿ, ಯುಗಾದಿ. ಫೋಟೊದವರಿಗೆ ಮದುವೆಯ ತಿಂಗಳು. ಆಗ ಕಲೆ ಕಾಯಬೇಕು. ಬಿಡುವಿನ ತಿಂಗಳಲ್ಲಿ ಅಂಗಡಿ ಬೇಗ ಮುಚ್ಚಬೇಕು. ವರ್ಷದ ಕೊನೆಗೆ ಮೂರಕ್ಕೂ ಪಾಲು ಸಿಕ್ಕಿತೇ ಎಂದು ನೋಡಿದರೆ ಸಾಕು.

‘21 ದಿನ ಬಿಡದೆ ಮಾಡಿದರೆ ಅಭ್ಯಾಸ ಆಗಿಬಿಡುತ್ತದೆ’ ಎಂಬ ಮಾತೂ ಇದರ ಜೊತೆಗೇ ಓಡಾಡುತ್ತಿದೆ. ಅದರ ಮೂಲ ಮ್ಯಾಕ್ಸ್‌ವೆಲ್ ಮಾಲ್ಟ್ಸ್ ಎಂಬ ಪ್ಲಾಸ್ಟಿಕ್ ಸರ್ಜನ್ 1960ರಲ್ಲಿ ಬರೆದ ಪುಸ್ತಕ. ರೋಗಿಗಳು ತಮ್ಮ ಹೊಸ ಮುಖಕ್ಕೆ ಒಗ್ಗಿಕೊಳ್ಳಲು ಕನಿಷ್ಠ 21 ದಿನ ಬೇಕು ಎಂದು ಅವರು ಗಮನಿಸಿದ್ದರು. ಆ ‘ಕನಿಷ್ಠ’ ಬಾಯಿಂದ ಬಾಯಿಗೆ ಬರುವಾಗ ಬಿದ್ದುಹೋಯಿತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನು ಗಮನಿಸಿದಾಗ ಅಭ್ಯಾಸ ನೆಲೆಯಾಗಲು ಸರಾಸರಿ 66 ದಿನ ಬೇಕಾದವು. ಕೆಲವರಿಗೆ 18 ದಿನ ಸಾಕು, ಕೆಲವರಿಗೆ 254 ದಿನವೂ ಬೇಕು ಎಂಬ ಲೆಕ್ಕ ಸಿಕ್ಕಿತು. ಮಧ್ಯೆ ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ನಷ್ಟವೇನೂ ಆಗಲಿಲ್ಲ. ಜಾತ್ರೆಗೆ ನೆಂಟರು ಬಂದು ನಾಲ್ಕು ದಿನ ಬರವಣಿಗೆ ನಿಂತರೆ ಐದನೆಯ ದಿನ ಕೂತರಾಯಿತು.

ತಪ್ಪು ಕಲ್ಪನೆ 4: ಕಲೆಯನ್ನೇ ವ್ಯಾಪಾರ ಮಾಡಿಕೊಂಡರೆ ಎರಡೂ ಒಂದಾಗಿ ಹೊರೆ ಇಳಿಯುತ್ತದೆ.

ಸತ್ಯ: ಇಳಿಯುವುದಿಲ್ಲ. ಕಲೆಯ ಕೆಲಸದ ಮೇಲೆ ಮಾರುವ ಕೆಲಸವೂ ಬಂದು ಕೂರುತ್ತದೆ. ಕಸೂತಿ ಹಾಕುವುದು ಒಂದು ವಿದ್ಯೆ; ಬಟ್ಟೆ, ನೂಲು, ಕನ್ನಡಿ ತರಿಸುವುದು, ಬೆಲೆ ಕಟ್ಟುವುದು, ಆರ್ಡರ್ ಹಿಡಿಯುವುದು, ಉದ್ರಿ ವಸೂಲಿ ಮಾಡುವುದು ಬೇರೆಯೇ ವಿದ್ಯೆ. ಸಂಡೂರಿನ ಕುಶಲ ಕಲಾ ಕೇಂದ್ರ 1988ರಿಂದ ನಿಂತಿರುವ ಗುಟ್ಟು ಇದೇ. ತಾಂಡಾಗಳ ಲಂಬಾಣಿ ಹೆಣ್ಣುಮಕ್ಕಳು ಸೂಜಿ ಹಿಡಿದರೆ, ಮಾರುಕಟ್ಟೆಯ ಭಾರವನ್ನು ಸಂಸ್ಥೆ ಹೊರುತ್ತದೆ. ಸಂಡೂರು ಲಂಬಾಣಿ ಕಸೂತಿಗೆ 2010ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿತು. 2023ರ ಜುಲೈನಲ್ಲಿ ಹಂಪಿಯ ಜಿ-20 ಸಭೆಯ ವೇಳೆ 1,755 ಲಂಬಾಣಿ ಕಸೂತಿ ವಸ್ತುಗಳನ್ನು ಒಂದೆಡೆ ಪ್ರದರ್ಶಿಸಿದ್ದು ಗಿನ್ನೆಸ್ ದಾಖಲೆಯಾಯಿತು. ಇಷ್ಟೆಲ್ಲವನ್ನೂ ಒಬ್ಬಾಕೆ ತಾಂಡಾದ ಜಗುಲಿಯಲ್ಲಿ ಕೂತು ಮಾಡಲಾಗದು. ಕಲೆಯನ್ನು ಮಾರಲು ಹೊರಟವರು ಮೊದಲು ಕೇಳಿಕೊಳ್ಳಬೇಕಾದ್ದು: ಮಾರುವ ಕೆಲಸ ಯಾರದು?

ತಪ್ಪು ಕಲ್ಪನೆ 5: ಅಂಗಡಿ ದುಡ್ಡು, ಮನೆ ದುಡ್ಡು, ನಾಟಕದ ದುಡ್ಡು ಎಲ್ಲಾ ನಮ್ಮದೇ. ಬೇರೆ ಲೆಕ್ಕ ಯಾಕೆ?

ಸತ್ಯ: ಸಣ್ಣ ಅಂಗಡಿಗಳಿಗೆ ಹೊಡೆತ ಬೀಳುವುದು ಬಹಳ ಸಲ ಇಲ್ಲಿಯೇ. ಪಾತ್ರಕ್ಕೆ ಕೊಡುವ ವಂತಿಗೆ, ಸೀನರಿ, ಮೈಕು, ಹೊರಗಿನಿಂದ ಬರುವ ನಟಿಯರ ಸಂಭಾವನೆ ಇವೆಲ್ಲ ಗಲ್ಲಾಪೆಟ್ಟಿಗೆಯಿಂದ ಹೋದವೆಂದರೆ ಮುಂದಿನ ವಾರ ಸರಕು ತರಲು ಬಂಡವಾಳ ಇರುವುದಿಲ್ಲ. ನಾಟಕಕ್ಕೆ ಇಂತಿಷ್ಟು ಎಂದು ವರ್ಷದ ಮೊದಲೇ ತೆಗೆದಿಟ್ಟರೆ ಅದು ಖರ್ಚು, ಗಲ್ಲಾದಿಂದ ಎತ್ತಿದರೆ ಅದು ಸಾಲ.

‘ಫೋನ್‌ಪೇ ಫಲಕ ತೆಗೆದುಬಿಡಿ, ಜಿಎಸ್‌ಟಿಯವರು ಬರುತ್ತಾರೆ’ ಎಂಬ ಗಾಬರಿ 2025ರ ಜುಲೈನಲ್ಲಿ ರಾಜ್ಯವೆಲ್ಲ ಹಬ್ಬಿತ್ತು. ಯುಪಿಐ ಜಮೆಯ ಆಧಾರದ ಮೇಲೆ ಸಣ್ಣ ವ್ಯಾಪಾರಿಗಳಿಗೆ ನೋಟಿಸು ಹೋದದ್ದು ನಿಜ. ಆದರೆ ಫಲಕ ಹಾಕಿದ್ದಕ್ಕೇ ತೆರಿಗೆ ಬೀಳುವುದಿಲ್ಲ. ಸರಕು ಮಾರುವವರ ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿ, ಸೇವೆ ಕೊಡುವವರದು 20 ಲಕ್ಷ ದಾಟಿದರೆ ಸಾಮಾನ್ಯವಾಗಿ ನೋಂದಣಿ ಬೇಕು. ನಗದು ಮಾರಾಟವೂ ಈ ಲೆಕ್ಕಕ್ಕೆ ಸೇರುತ್ತದೆ, ಹಾಗಾಗಿ ಫಲಕ ತೆಗೆದು ಪ್ರಯೋಜನವಿಲ್ಲ. ಬಿಡಿ ಹೂ, ತಾಜಾ ತರಕಾರಿಯಂಥ ವಿನಾಯಿತಿ ಪಡೆದ ಸರಕನ್ನಷ್ಟೇ ಮಾರುವವರಿಗೆ ನೋಂದಣಿಯೇ ಬೇಡ. ತೊಂದರೆ ಎಲ್ಲಿ ಅಂದರೆ, ಭಾವನಿಂದ ಮರಳಿ ಬಂದ ಕೈಗಡ, ನಾಟಕ ಮಂಡಳಿಯ ವಂತಿಗೆ, ಅಂಗಡಿಯ ಮಾರಾಟ ಒಂದೇ ಖಾತೆಗೆ ಬಿದ್ದರೆ ಕಾಗದದ ಮೇಲೆ ಎಲ್ಲವೂ ವ್ಯಾಪಾರದಂತೆ ಕಾಣುತ್ತದೆ. ಅಂಗಡಿಗೊಂದು ಖಾತೆ, ಮನೆಗೊಂದು ಖಾತೆ, ಮಂಡಳಿಗೊಂದು ಪುಸ್ತಕ ಇದ್ದರೆ ಈ ಪೇಚು ಬರುವುದಿಲ್ಲ.

ತಪ್ಪು ಕಲ್ಪನೆ 6: ಮೂರನ್ನೂ ನಿಭಾಯಿಸುವುದು ಒಬ್ಬೊಬ್ಬರ ಚಾಕಚಕ್ಯತೆ. ಹೆಣ್ಣುಮಕ್ಕಳಿಗಂತೂ ಅದು ಹುಟ್ಟುಗುಣ.

ಸತ್ಯ: ಹುಟ್ಟುಗುಣ ಎಂದು ಹೊಗಳಿ ಹೊರೆಯನ್ನು ಅವರ ತಲೆಗೇ ಕಟ್ಟಿದ್ದೇವೆ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ, ಗಂಡಸರು 88 ನಿಮಿಷ. ಅಂದರೆ ದುರ್ಯೋಧನನ ತಾಲೀಮಿಗೆ ಸಿಗುವ ಬಿಡುವು ಅವನ ಮನೆಯಾಕೆಯ ದುಡಿಮೆಯಿಂದ ಬಂದದ್ದು. ಸೋಬಾನೆ ಹಾಡುವಾಕೆಗೆ ಅಂಥ ಬಿಡುವು ಕೊಡುವವರು ಯಾರು?

ಮನೆಯಲ್ಲಿ ಕೂತು ಹಡಗಲಿ ಮಲ್ಲಿಗೆ ಕಟ್ಟುವುದನ್ನು ‘ಸುಮ್ಮನೆ ಕೂರುವ ಬದಲು ಮಾಡೋದು’ ಎನ್ನುತ್ತೇವೆ. ಕೇಂದ್ರದ ಪಿಎಂ ವಿಶ್ವಕರ್ಮ ಯೋಜನೆ 2023ರಲ್ಲಿ ಪಟ್ಟಿ ಮಾಡಿದ 18 ಕಸುಬುಗಳಲ್ಲಿ ಮಾಲೆ ಕಟ್ಟುವುದೂ ಒಂದು, ದರ್ಜಿ ಕೆಲಸವೂ ಒಂದು. ಸರ್ಕಾರ ಕಸುಬೆಂದು ಒಪ್ಪಿದ್ದನ್ನು ಮನೆಯವರು ಒಪ್ಪಲು ಇನ್ನೂ ಮೀನಮೇಷ ಎಣಿಸುತ್ತಿದ್ದಾರೆ.

ಹರಪನಹಳ್ಳಿ ಭೀಮವ್ವ (1823–1903) ಈಗ ತುಂಗಭದ್ರೆಯ ಹಿನ್ನೀರಿನಲ್ಲಿ ಮುಳುಗಿರುವ ನಾರಾಯಣದೇವರಕೆರೆಯಲ್ಲಿ ಹುಟ್ಟಿ, ಸಂಸಾರದ ನಡುವೆ ನೂರಾರು ಹಾಡು ಕಟ್ಟಿದವರು. ಅವು ಉಳಿದದ್ದು ಹೆಣ್ಣುಮಕ್ಕಳು ಹಬ್ಬ, ಹಸೆಗಳಲ್ಲಿ ಕೂಡಿ ಹಾಡಿದ್ದರಿಂದ. ಕಟ್ಟಿದ್ದು ಒಬ್ಬರಾದರೂ ಉಳಿಸಿದ್ದು ಹಲವರು. ಈ ಸೀಮೆಯಲ್ಲಿ ಮೂರನ್ನೂ ತೂಗಿಸಿದ ಯಾರನ್ನೇ ನೋಡಿ, ಅವರ ಹಿಂದೆ ಗುರು, ಸಂಸ್ಥೆ, ಮಂಡಳಿ, ಮನೆಯವರು ಯಾರಾದರೂ ಇದ್ದೇ ಇರುತ್ತಾರೆ.

ಆದ್ದರಿಂದ ಬರುವ ಜಾತ್ರೆಗೆ ಪಾತ್ರ ಒಪ್ಪಿಕೊಳ್ಳುವ ಮುಂಚೆ, ಹೊಸ ಅಂಗಡಿಗೆ ಮುಂಗಡ ಕೊಡುವ ಮುಂಚೆ, ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಮೂರು ಪ್ರಶ್ನೆ ಕೇಳಿ: ಯಾವ ತಿಂಗಳು? ಯಾವ ದುಡ್ಡು? ಆ ಹೊತ್ತಿನಲ್ಲಿ ಮನೆಗೆಲಸಕ್ಕೆ ಯಾರ ಕೈ? ಮೂರನೆಯದಕ್ಕೆ ಪ್ರತಿ ಸಲವೂ ಒಬ್ಬಾಕೆಯ ಹೆಸರೇ ಬರುತ್ತಿದ್ದರೆ, ಮೊದಲು ಅದನ್ನು ಸರಿಮಾಡಿ.