ಪಾರ್ಕಿನ ಮೂಲೆಯ ಕಲ್ಲುಬೆಂಚು

ದಕ್ಷಿಣ ಬೆಂಗಳೂರಿನ ಹಳೆಯ ಬಡಾವಣೆಯೊಂದರ ಪಾರ್ಕು ಇದು. ಹೆಸರು ಹೇಳುವುದಿಲ್ಲ. ಇಲ್ಲಿ ಕಂಡದ್ದು ನಿಮ್ಮ ಮನೆಯ ಹತ್ತಿರದ ಪಾರ್ಕಿನಲ್ಲೂ ಕಾಣುವಂಥದ್ದೇ. ಅರವತ್ತು ದಾಟಿದವರು ಬೆಳಿಗ್ಗೆ ಎದ್ದು ಇಂಥ ಕಡೆ ಬಂದು ಏನೇನು ಮಾಡುತ್ತಾರೆ, ಅದರಲ್ಲಿ ಯಾವುದು ಮೈಗೆ ಹತ್ತುತ್ತದೆ ಎಂದು ಒಮ್ಮೆ ನಿಧಾನವಾಗಿ ನೋಡಬೇಕೆಂದಿತ್ತು. ಬುಧವಾರ, ಆರು ಗಂಟೆ ಕಳೆದಿತ್ತು. ಪೂರ್ವದ ಗೇಟಿನಿಂದ ಒಳಗೆ ಹೋದೆ.

ಕಾಲಿಟ್ಟ ಕೂಡಲೇ ವಾಕಿಂಗ್ ಟ್ರ್ಯಾಕು. ಸಿಮೆಂಟಿನ ಇಂಟರ್‌ಲಾಕ್ ಕಲ್ಲು ಹಾಸಿದ್ದಾರೆ. ಎಲ್ಲರೂ ಒಂದೇ ದಿಕ್ಕಿನಲ್ಲಿ ನಡೆಯಲೆಂದು ಬೋರ್ಡಿನ ಮೇಲೆ ಬಾಣ ಬರೆದಿದೆ, ಬಹುತೇಕರು ಹಾಗೇ ನಡೆಯುತ್ತಾರೆ. ಸ್ವೆಟರು, ಮಂಕಿ ಕ್ಯಾಪು, ಸೀರೆಯ ಕೆಳಗೆ ಬಿಳಿ ಕ್ಯಾನ್ವಾಸ್ ಶೂ. ಕೆಲವರು ಹವಾಯಿ ಚಪ್ಪಲಿಯಲ್ಲೇ ಬಂದಿದ್ದಾರೆ. ನಾನೂ ಅವರ ಹಿಂದೆ ಸೇರಿಕೊಂಡೆ. ಮೊದಲ ತಿರುವಿನಲ್ಲಿ ಹೊಂಗೆ ಮರದ ಬೇರು ಕಲ್ಲುಗಳನ್ನು ಎತ್ತಿಬಿಟ್ಟಿದೆ. ದಿನಾ ಬರುವವರು ಅಲ್ಲಿಗೆ ಬಂದ ತಕ್ಷಣ ಮಾತು ನಿಲ್ಲಿಸಿ ನೆಲ ನೋಡುತ್ತಾರೆ, ದಾಟಿದ ಮೇಲೆ ಮಾತು ಮುಂದುವರಿಯುತ್ತದೆ. ಎಪ್ಪತ್ತು ದಾಟಿದವರಿಗೆ ಒಮ್ಮೆ ಬೀಳುವುದು ಎಂದರೆ ಏನೆಂದು ಅವರಿಗೆ ಗೊತ್ತು. ಸೊಂಟದ ಮೂಳೆ ಮುರಿದು ಮಲಗಿದರೆ ಎದ್ದು ಓಡಾಡುವ ಹೊತ್ತಿಗೆ ತಿಂಗಳುಗಳು ಹಿಡಿಯುತ್ತವೆ. ಎಷ್ಟೋ ಜನ ಮೊದಲಿನಂತೆ ಆಗುವುದೇ ಇಲ್ಲ.

ನನ್ನ ಮುಂದಿದ್ದ ಮೂವರು ಯಜಮಾನರು ಪಿಂಚಣಿಯ ವಿಚಾರ ಮಾತಾಡುತ್ತಾ ಬಹಳ ನಿಧಾನವಾಗಿ ಹೋಗುತ್ತಿದ್ದರು. ನಡಿಗೆಯ ಬಿರುಸನ್ನು ಅಳೆಯಲು ಒಂದು ಸುಲಭದ ದಾರಿ ಇದೆ: ನಡೆಯುತ್ತಾ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಈ ಮೂವರು ಹಾಡಬಹುದಿತ್ತು. ನಡೆಯುವುದೇ ಬೇಡವೆಂದು ಮನೆಯಲ್ಲಿ ಕೂತವರಿಗಿಂತ ಅವರು ಎಷ್ಟೋ ಮೇಲು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅರವತ್ತೈದು ದಾಟಿದವರಿಗೆ ತಜ್ಞರು ಹೇಳುವ ವಾರಕ್ಕೆ 150 ನಿಮಿಷದ ನಡಿಗೆ ಸ್ವಲ್ಪ ಏದುಸಿರು ಬರುವಂಥದ್ದು.

ಪಕ್ಕದಲ್ಲಿ ನಡೆಯುತ್ತಿದ್ದ ಹೆಂಗಸೊಬ್ಬರು ಮಣಿಕಟ್ಟಿನ ವಾಚ್ ನೋಡಿ, "ನಾಲ್ಕು ಸಾವಿರ ಆಯ್ತು, ಇನ್ನೂ ಆರು ಸಾವಿರ ಇದೆ" ಎಂದು ಗೆಳತಿಗೆ ಹೇಳಿದರು. ಧ್ವನಿಯಲ್ಲಿ ಆಗಲೇ ದಣಿವಿತ್ತು. ಹತ್ತು ಸಾವಿರ ಹೆಜ್ಜೆಯ ಈ ಲೆಕ್ಕ ವೈದ್ಯರಿಂದ ಬಂದದ್ದಲ್ಲ. 1965ರಲ್ಲಿ ಜಪಾನಿನಲ್ಲಿ ಹೆಜ್ಜೆ ಎಣಿಸುವ ಯಂತ್ರವೊಂದನ್ನು ಮಾರುವಾಗ ಇಟ್ಟ ಹೆಸರಿನಿಂದ ಬಂದದ್ದು. ಹದಿನೈದು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು 2022ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ, ಅರವತ್ತು ದಾಟಿದವರಲ್ಲಿ ದಿನಕ್ಕೆ ಆರರಿಂದ ಎಂಟು ಸಾವಿರ ಹೆಜ್ಜೆಯ ತನಕ ಸಾವಿನ ಅಪಾಯ ಇಳಿಯುತ್ತಾ ಹೋಗುತ್ತದೆ, ಅಲ್ಲಿಂದಾಚೆ ಹೆಚ್ಚಿನ ಲಾಭವಿಲ್ಲ. ಇದನ್ನು ಅವರಿಗೆ ಹೇಳಬೇಕೆನ್ನಿಸಿತು. ಅಷ್ಟರಲ್ಲಿ ಅವರು ಬೇರೆ ದಾರಿಗೆ ತಿರುಗಿದ್ದರು.

ಟ್ರ್ಯಾಕಿನ ದಕ್ಷಿಣ ತುದಿಯಲ್ಲಿ ನುಣುಪು ಕಲ್ಲುಗಳನ್ನು ಹುದುಗಿಸಿದ ಸಣ್ಣ ಹಾದಿಯಿದೆ, ಎರಡೂ ಕಡೆ ಹಿಡಿದುಕೊಳ್ಳಲು ಕಂಬಿ. ಬರಿಗಾಲಲ್ಲಿ ನಡೆದರೆ ಪಾದದ ನರಗಳ ಮೂಲಕ ಎಲ್ಲ ಅಂಗಗಳಿಗೂ ಒಳ್ಳೆಯದು ಎಂದು ಚಿತ್ರ ಸಮೇತ ಬರೆದಿದ್ದಾರೆ. ಆ ಚಿತ್ರದ ಮಾತನ್ನು ನಾನು ನಂಬಲಾರೆ. ಆದರೆ ಇಂಥ ಕಲ್ಲಿನ ಹಾಸಿನ ಮೇಲೆ ನಡೆದ ಹಿರಿಯರ ಸಮತೋಲ ಸುಧಾರಿಸಿತೆಂದು 2005ರ ಅಮೆರಿಕದ ಅಧ್ಯಯನವೊಂದು ತೋರಿಸಿದೆ, ಅದು ಸಾಕು. ಒಬ್ಬ ತಾತ ಕಂಬಿ ಹಿಡಿದು ಹಲ್ಲು ಕಚ್ಚಿ ನಡೆಯುತ್ತಿದ್ದರು. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರು ಮಾತ್ರ ಇಲ್ಲಿ ಬರಿಗಾಲಿಡಬಾರದು. ಗಾಯವಾದರೆ ಗೊತ್ತೇ ಆಗುವುದಿಲ್ಲ. ಬೋರ್ಡಿನಲ್ಲಿ ಆ ಒಂದು ಸಾಲು ಇರಬೇಕಿತ್ತು.

ಮುಂದೆ ನಗೆಕೂಟ. ವೃತ್ತದಲ್ಲಿ ನಿಂತು ಕೈ ಮೇಲೆತ್ತಿ ನಗುತ್ತಿದ್ದಾರೆ. ಕೂಟ ಮುಗಿದ ಮೇಲೂ ಯಾರೂ ಕದಲಲಿಲ್ಲ. ನಿನ್ನೆ ಬಾರದವರನ್ನು ಏಕೆ ಬರಲಿಲ್ಲವೆಂದು ಕೇಳುತ್ತಿದ್ದರು. ಒಂಟಿಯಾಗಿ ಬದುಕುವವರಿಗೆ ಆ ವಿಚಾರಣೆಯೇ ದೊಡ್ಡದೆಂದು ನನಗೆ ತೋರಿತು.

ಅದರಾಚೆ ಹಳದಿ-ನೀಲಿ ಬಣ್ಣದ ಓಪನ್ ಜಿಮ್. ಕಾಲುಗಳನ್ನು ಹಿಂದೆ ಮುಂದೆ ತೂಗಾಡಿಸುವ ಯಂತ್ರಕ್ಕೆ ಜನ ಸಾಲಾಗಿ ಕಾದಿದ್ದರು. ಸೊಂಟ ತಿರುಗಿಸುವ ತಟ್ಟೆಯ ಮೇಲೆ ಇಬ್ಬರು ಜೋರಾಗಿ ಗರಗರ ತಿರುಗುತ್ತಿದ್ದರು. ಮೂಳೆ ಸವೆದವರ ಬೆನ್ನಿಗೆ ಆ ತಿರುಚು ಒಳ್ಳೆಯದಲ್ಲ. ಕೂತು, ಎದುರಿನ ಹಲಗೆಯನ್ನು ಕಾಲಿಂದ ಒತ್ತಿ, ತನ್ನದೇ ಭಾರವನ್ನು ಹಿಂದಕ್ಕೆ ತಳ್ಳುವ ಯಂತ್ರ ಒಂದಿದೆ. ತೊಡೆಗೆ ನಿಜವಾಗಿ ಕೆಲಸ ಕೊಡುವುದು ಅದು. ಅದರ ಸೀಟಿನ ಮೇಲೆ ಯಾರೋ ಬ್ಯಾಗು, ನೀರಿನ ಬಾಟಲಿ ಇಟ್ಟಿದ್ದರು. ನಾನು ಅಲ್ಲಿ ನಿಂತಿದ್ದಷ್ಟು ಹೊತ್ತೂ ಅವನ್ನು ತೆಗೆದು ಕೂತವರನ್ನು ಕಾಣಲಿಲ್ಲ. ಬೇರೆ ಹೊತ್ತಿನಲ್ಲಿ ಬಳಸುತ್ತಾರೇನೋ.

ಅಲ್ಲಿಂದ ಬಲಕ್ಕೆ ತಿರುಗಿದರೆ ಮಳೆಮರದ ಕೆಳಗೊಂದು ಮೂಲೆ. ಟ್ರ್ಯಾಕಿನಿಂದ ಕಾಣುವುದಿಲ್ಲ, ಹಾಗಾಗಿ ದಾಟಿ ಹೋಗುವುದರಲ್ಲಿದ್ದೆ. ಹೆಂಗಸರ ಮಾತು ಕೇಳಿ ಒಳಗೆ ಹೋದೆ. ಉದ್ದದ ಕಲ್ಲುಬೆಂಚಿನ ಮೇಲೆ ಆರೇಳು ಮಂದಿ ಕೂತಿದ್ದರು, ಹೆಚ್ಚಿನವರು ಎಪ್ಪತ್ತರ ಆಸುಪಾಸಿನವರು. ಎದುರಿಗೆ ಅರವತ್ತರ ಹೆಂಗಸೊಬ್ಬರು ನಿಂತು ಹೇಳಿಕೊಡುತ್ತಿದ್ದರು. ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿ ನಿವೃತ್ತರಾದವರಂತೆ. ಎಲ್ಲರೂ ಅವರನ್ನು ಸಿಸ್ಟರ್ ಎಂದೇ ಕರೆಯುತ್ತಾರೆ.

"ಕೈ ಊರಬೇಡೀಮ್ಮ, ಎದೆ ಮೇಲಿಟ್ಕೊಳ್ಳಿ. ಪಾದ ಹಿಂದಕ್ಕೆ ತಗೊಳ್ಳಿ. ಮುಂದಕ್ಕೆ ಬಾಗಿ, ಏಳಿ."

"ಸಿಸ್ಟರ್, ಮಂಡಿ ಕಟಕ್ ಅಂತಿದೆ."

"ನೋವಿದೆಯಾ, ಬರೀ ಶಬ್ದಾನಾ?"

"ಶಬ್ದ ಅಷ್ಟೇ."

"ಹಾಗಾದ್ರೆ ಏಳಿ."

ಎದ್ದರು, ಕೂತರು, ಮತ್ತೆ ಎದ್ದರು. ಇಷ್ಟೇ ವ್ಯಾಯಾಮ. ನೋಡಲು ಏನೂ ಅಲ್ಲ ಅನ್ನಿಸುತ್ತದೆ. ವೈದ್ಯರು ಹಿರಿಯರ ಕಾಲಿನ ಕಸುವನ್ನು ಅಳೆಯುವುದು ಇದರಿಂದಲೇ. ಕೈ ಊರದೆ ಮೂವತ್ತು ಸೆಕೆಂಡಿನಲ್ಲಿ ಎಷ್ಟು ಸಲ ಎದ್ದು ಕೂರುತ್ತೀರಿ ಎಂದು ಎಣಿಸುತ್ತಾರೆ. ಎಪ್ಪತ್ತರಿಂದ ಎಪ್ಪತ್ತನಾಲ್ಕರ ಹೆಂಗಸರು ಹತ್ತಕ್ಕಿಂತ ಕಡಿಮೆ, ಅದೇ ವಯಸ್ಸಿನ ಗಂಡಸರು ಹನ್ನೆರಡಕ್ಕಿಂತ ಕಡಿಮೆ ಎದ್ದರೆ ಬೀಳುವ ಅಪಾಯ ಹೆಚ್ಚು ಎಂದು ಲೆಕ್ಕ. ಬೆಂಚಿನ ತುದಿಯಲ್ಲಿದ್ದ ತೆಳ್ಳಗಿನ ಅಜ್ಜಿಯನ್ನು ನಾನು ಮನಸ್ಸಿನಲ್ಲೇ ಎಣಿಸುತ್ತಾ ಹೋದೆ. ನನ್ನ ಬಳಿ ಸರಿಯಾಗಿ ಹೊತ್ತು ನೋಡುವ ವ್ಯವಸ್ಥೆ ಇರಲಿಲ್ಲ, ಆದರೂ ಅವರು ಹತ್ತನ್ನು ಸಲೀಸಾಗಿ ದಾಟಿದರೆಂದೇ ಅಂದುಕೊಂಡಿದ್ದೇನೆ.

ಆಮೇಲೆ ಬೆಂಚಿನ ಬೆನ್ನು ಹಿಡಿದು ಒಂಟಿಕಾಲಲ್ಲಿ ನಿಲ್ಲುವುದು. ಕೈ ಪೂರ್ತಿ ಹಿಡಿದು, ಬಳಿಕ ಎರಡು ಬೆರಳು, ಬಳಿಕ ಒಂದೇ ಬೆರಳು. ಕೊನೆಗೆ ಸಿಸ್ಟರ್ ಹುಲ್ಲಿನ ಮೇಲೆ ಜಮಖಾನ ಹಾಸಿದರು. ಒಬ್ಬೊಬ್ಬರೇ ನೆಲಕ್ಕೆ ಕೂತು ಏಳಬೇಕು. ಇದನ್ನು ನೋಡಿದ ಮೇಲೆ ಇಡೀ ಪಾರ್ಕಿನಲ್ಲಿ ಅತಿ ಮುಖ್ಯವಾದ ಜಾಗ ಇದೇ ಎಂದು ನನಗೆ ಖಾತ್ರಿಯಾಯಿತು.

"ನೆಲದ ಮೇಲೆ ಕೂತು ಎಷ್ಟು ಕಾಲ ಆಗಿತ್ತಮ್ಮ?" ಎಂದು ಪಕ್ಕದಲ್ಲಿದ್ದವರನ್ನು ಕೇಳಿದೆ.

"ಮೊಮ್ಮಗನ ನಾಮಕರಣದಲ್ಲಿ ಕೂತಿದ್ದೆ ಕಣ್ರೀ. ಏಳಕ್ಕೇ ಆಗ್ಲಿಲ್ಲ. ಇಬ್ರು ಹಿಡಿದು ಎತ್ತಿದ್ರು. ಅವತ್ತಿಂದ ಎಲ್ಲಿ ಹೋದ್ರೂ ಕುರ್ಚಿ ಕೇಳ್ತಿದ್ದೆ."

ಅವರು ಏಳುವ ಕ್ರಮ ನೋಡಿದೆ. ಪಕ್ಕಕ್ಕೆ ಹೊರಳಿ, ಎರಡು ಕೈ ಎರಡು ಮಂಡಿ ಊರಿ, ಒಂದು ಪಾದ ಮುಂದಿಟ್ಟು, ಬೆಂಚಿನ ಮೇಲೆ ಒಂದು ಕೈ ಇಟ್ಟು, ಎದ್ದು ನಿಂತರು. ಯಾರೂ ಮುಟ್ಟಲಿಲ್ಲ. ಮನೆಯಲ್ಲಿ ಒಬ್ಬರೇ ಇದ್ದಾಗ ಬಿದ್ದರೆ ಎದ್ದು ಫೋನಿನ ತನಕ ಹೋಗಲು ಈ ವಿದ್ಯೆ ಬೇಕು.

ನಮ್ಮ ಮನೆಗಳಲ್ಲಿ ಹಿಂದೆ ಇದನ್ನು ಯಾರೂ ಕಲಿಸಬೇಕಿರಲಿಲ್ಲ. ಮಣೆ ಹಾಕಿಕೊಂಡು ಊಟ, ಈಳಿಗೆ ಮಣೆಯ ಮುಂದೆ ತರಕಾರಿ, ಒರಳಿನ ಮುಂದೆ ರುಬ್ಬುವುದು, ಚಾಪೆಯ ಮೇಲೆ ಮಲಗುವುದು, ಕುಕ್ಕರುಗಾಲಿನ ಕಕ್ಕಸು. ದಿನಕ್ಕೆ ಎಷ್ಟು ಸಲ ನೆಲಕ್ಕಿಳಿದು ಎದ್ದರೋ! ಡೈನಿಂಗ್ ಟೇಬಲ್, ಸೋಫಾ, ಕಮೋಡು ಬಂದ ಮೇಲೆ ತೊಡೆಗೆ ಆ ಕೆಲಸ ತಪ್ಪಿತು. ಚಿಪ್ಪು ಸವೆದ ಮಂಡಿಗೆ ಕಮೋಡು ದೊಡ್ಡ ಉಪಕಾರ, ಅದನ್ನು ತೆಗೆಯಿರಿ ಎನ್ನಲಾರೆ. ತಪ್ಪಿದ ಕೆಲಸವನ್ನು ಬೇರೆ ಕಡೆ ಕೊಡಬೇಕು, ಅಷ್ಟೇ. ವಾರಕ್ಕೆ ಎರಡು ದಿನವಾದರೂ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ, ಮೂರು ದಿನ ಸಮತೋಲದ್ದು ಎಂದು ಮಾರ್ಗಸೂಚಿಗಳು ಹೇಳುತ್ತವೆ. ಟ್ರ್ಯಾಕಿನ ಮೇಲೆ ಕಂಡ ಜನರಲ್ಲಿ ಹೆಚ್ಚಿನವರು ಇವೆರಡನ್ನೂ ಬಿಟ್ಟು ನಡಿಗೆಯೊಂದನ್ನೇ ನೆಚ್ಚಿದ್ದಾರೆ.

"ಈ ವಯಸ್ಸಲ್ಲಿ ಇನ್ನೇನು ಬಲ ಬರುತ್ತೆ ಅಂತಾರೆ ಮನೇಲಿ" ಎಂದು ಒಬ್ಬರು ನನ್ನ ಮುಖ ನೋಡಿದರು. ಬರುತ್ತದೆ. 1990ರಲ್ಲಿ ಅಮೆರಿಕದಲ್ಲಿ ತೊಂಬತ್ತರ ಆಸುಪಾಸಿನ ಹತ್ತು ಮಂದಿಗೆ, ವೃದ್ಧಾಶ್ರಮದಲ್ಲಿದ್ದ ದುರ್ಬಲರಿಗೆ, ಎಂಟು ವಾರ ಕಾಲಿನಿಂದ ಭಾರ ಎತ್ತಿಸಿ ನೋಡಿದರು. ಕೊನೆಯ ತನಕ ಉಳಿದವರು ಒಂಬತ್ತು. ಅವರ ಕಾಲಿನ ಬಲ ಸರಾಸರಿ ಶೇ. 174ರಷ್ಟು ಹೆಚ್ಚಿತ್ತು. ಸಣ್ಣ ಅಧ್ಯಯನವೇ, ಆದರೆ ಆಮೇಲಿನವೂ ಇದೇ ದಿಕ್ಕಿನಲ್ಲಿವೆ. ಅದನ್ನೇ ಹೇಳಿದೆ. "ತೊಂಬತ್ತಾ?" ಎಂದು ಇಬ್ಬರು ಮೂವರು ಒಟ್ಟಿಗೆ ಕೇಳಿದರು.

ಆ ಮೂಲೆಯಲ್ಲಿ ಗಂಡಸರು ಒಬ್ಬರೂ ಇರಲಿಲ್ಲ.

ಪಶ್ಚಿಮದ ಗೇಟಿಗೆ ಹೋಗುವ ದಾರಿಯಲ್ಲಿ ಶೌಚಾಲಯ ಸಿಗುತ್ತದೆ. ಬೀಗ ಹಾಕಿತ್ತು. ಕೀಲಿ ಯಾರ ಹತ್ತಿರವಿದೆಯೆಂದು ಅಲ್ಲಿ ಕಸ ಗುಡಿಸುತ್ತಿದ್ದವರಿಗೂ ತಿಳಿದಿರಲಿಲ್ಲ. ಬೆಂಚಿನ ಗುಂಪಿನ ಇಬ್ಬರು ನನ್ನ ಜೊತೆಗೇ ನಡೆದು ಬರುತ್ತಿದ್ದರು. ಮನೆಯಿಂದ ಹೊರಡುವ ಮೊದಲು ತಾವು ನೀರನ್ನೇ ಕುಡಿಯುವುದಿಲ್ಲವೆಂದರು. ವಯಸ್ಸಾದಂತೆ ಬಾಯಾರಿಕೆ ತಾನಾಗಿಯೇ ಕಡಿಮೆಯಾಗುತ್ತದೆ, ಅದರ ಮೇಲೆ ಬೇಕೆಂದೇ ನೀರು ಬಿಟ್ಟರೆ ತಲೆ ಸುತ್ತು ಬರುವುದು ಸುಲಭ. ಹೊಸ ಯಂತ್ರಗಳನ್ನು ತಂದು ನೆಡುವ ಮೊದಲು ಈ ಒಂದು ಬಾಗಿಲು ತೆರೆದಿಟ್ಟರೆ ಹಿರಿಯರಿಗೆ ಎಷ್ಟೋ ಉಪಕಾರ.

ಗೇಟಿನ ಹೊರಗೆ ಸಂತೆಯೇ ಇದೆ. ಬಿಪಿ, ಶುಗರ್ ನೋಡುವ ಮೇಜು ಮೊದಲು. ಟ್ರ್ಯಾಕಿನಿಂದ ಏದುಸಿರು ಬಿಡುತ್ತಾ ಬಂದವರು ನೇರ ಕುರ್ಚಿಗೆ ಕೂತು ತೋಳು ಚಾಚುತ್ತಿದ್ದರು. ಐದು ನಿಮಿಷ ಸುಮ್ಮನೆ ಕೂತ ಮೇಲೆ ನೋಡಿದರಷ್ಟೇ ಆ ಅಂಕಿಗೆ ಬೆಲೆ. ಪಕ್ಕದಲ್ಲಿ ಸ್ಟೀಲ್ ಕ್ಯಾನುಗಳ ಸಾಲು: ಗರಿಕೆ ರಸ, ಬೂದುಗುಂಬಳದ ರಸ, ಹಾಗಲದ ರಸ, ಸೋರೆಕಾಯಿ ರಸ. ಸೋರೆಕಾಯಿ ರಸ ನಾಲಿಗೆಗೆ ಕಹಿ ಹತ್ತಿದರೆ ತಕ್ಷಣ ಉಗಿಯಬೇಕು. ಕಹಿ ಸೋರೆ ವಿಷ, ಅದನ್ನು ಕುಡಿದು ನಮ್ಮ ದೇಶದಲ್ಲಿ ಜನ ಸತ್ತದ್ದುಂಟು. ಉಳಿದ ರಸಗಳಿಂದ ಊಟದ ಕೊರತೆ ತುಂಬುವುದಿಲ್ಲ.

ನನ್ನ ಕಣ್ಣು ಹೋದದ್ದು ಕೊನೆಯ ಇಬ್ಬರು ವ್ಯಾಪಾರಿಗಳ ಕಡೆಗೆ. ಒಬ್ಬರ ಬಳಿ ಮಜ್ಜಿಗೆ ಬೆರೆಸಿದ ರಾಗಿ ಅಂಬಲಿ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಪಾಲಿಶ್ ಅಕ್ಕಿಯಲ್ಲಿ ಹತ್ತರ ಆಸುಪಾಸು. ಇನ್ನೊಬ್ಬಾಕೆಯ ಬುಟ್ಟಿಯಲ್ಲಿ ಮೊಳಕೆ ಬರಿಸಿದ ಹುರುಳಿಕಾಳು, ಹೆಸರುಕಾಳು. ಒಣ ಹುರುಳಿಯ ನೂರು ಗ್ರಾಮಿನಲ್ಲಿ ಸುಮಾರು 22 ಗ್ರಾಂ ಪ್ರೋಟೀನು. "ವಯಸ್ಸಾದೋರು ತಗೊಳ್ಳಲ್ಲ ಸ್ವಾಮಿ, ಹಲ್ಲಿಲ್ಲ ಅಂತಾರೆ" ಎಂದು ಆಕೆ ಹೇಳಿದಳು. ಕುಕ್ಕರಿನಲ್ಲಿ ಬೇಯಿಸಿ ಹಿಸುಕಿದರೆ ಹಲ್ಲು ಬೇಡ.

ಎದುರಿಗೇ ಕೂತು ತಿನ್ನುವ ಹೋಟೆಲು. ಪಿಂಚಣಿಯ ಮಾತಾಡುತ್ತಿದ್ದ ಮೂವರಲ್ಲಿ ಒಬ್ಬರು ನನ್ನ ಎದುರಿಗೆ ಬಂದು ಕೂತರು, ಎರಡು ಇಡ್ಲಿ ತರಿಸಿದರು. ಊಟದ ವಿಷಯ ತೆಗೆದೆ. ಬೆಳಿಗ್ಗೆ ಇಡ್ಲಿ ಇಲ್ಲವೇ ಉಪ್ಪಿಟ್ಟು, ಮಧ್ಯಾಹ್ನ ಅನ್ನ, ತಿಳಿಸಾರು, ಮಜ್ಜಿಗೆ. ರಾತ್ರಿ ಒಂದು ಲೋಟ ಹಾಲು, ಬಾಳೆಹಣ್ಣು. "ಈ ವಯಸ್ಸಿಗೆ ಮಿತಾಹಾರ ಒಳ್ಳೇದಲ್ವೇ?" ಎಂದರು. ನಾನು ಬೆರಳು ಮಡಿಸಿ ಲೆಕ್ಕ ಹಾಕಿದೆ. ಅವರ ತೂಕ ಅರವತ್ತು ಕಿಲೋ ಅಂತೆ. ಹಿರಿಯರಿಗೆ ಕಿಲೋ ತೂಕಕ್ಕೆ ಒಂದು ಗ್ರಾಮಿಗೆ ಕಡಿಮೆಯಿಲ್ಲದಷ್ಟು ಪ್ರೋಟೀನು ಬೇಕೆಂಬುದು ಈ ಕ್ಷೇತ್ರದ ತಜ್ಞರ ಸಲಹೆ, ಅಂದರೆ ಅರವತ್ತು ಗ್ರಾಂ. ಎರಡು ಇಡ್ಲಿಗೆ ನಾಲ್ಕೈದು, ಹಾಲಿಗೆ ಆರೇಳು, ತಿಳಿಸಾರಿಗೆ ಇಲ್ಲವೆಂಬಷ್ಟು ಕಡಿಮೆ. ಎಷ್ಟು ಎಳೆದರೂ ಮೂವತ್ತು ದಾಟುವುದು ಕಷ್ಟ. ಮಿತ ಎಂದು ಅವರು ಕೈಬಿಟ್ಟಿರುವುದು ಸ್ನಾಯುವಿಗೆ ಬೇಕಾದದ್ದನ್ನೇ. ಗಟ್ಟಿ ತೊವ್ವೆ, ಹುರುಳಿ ಬಸ್ಸಾರಿನ ಕಾಳು, ಒಂದು ಬಟ್ಟಲು ಮೊಸರು, ತಿನ್ನುವವರಾದರೆ ಮೊಟ್ಟೆ. ಇವು ಬರಬೇಕು, ಉಪ್ಪಿನಕಾಯಿ ಹಪ್ಪಳ ಇಳಿಯಬೇಕು. ಮೂತ್ರಪಿಂಡದ ತೊಂದರೆ ಇದ್ದವರು ಮಾತ್ರ ವೈದ್ಯರನ್ನು ಕೇಳದೆ ಪ್ರೋಟೀನು ಹೆಚ್ಚಿಸಬಾರದು.

ಅವರು ಗಮನವಿಟ್ಟು ಕೇಳಿದರು. ಎರಡು ಕೈಯನ್ನೂ ಮೇಜಿಗೆ ಊರಿ, ಸ್ವಲ್ಪ ತಡೆದು ಎದ್ದರು. ಆಗ ಮೂಲೆಯ ಬೆಂಚಿನ ವಿಷಯ ಹೇಳಿದೆ.

"ಅದು ಲೇಡೀಸ್ ಗ್ರೂಪ್ ಅಲ್ವೇ? ನಮ್ಮ ಮನೆಯವಳು ಸೇರ್ಕೋತೀನಿ ಅಂತಿದ್ಲು."

ಗಂಡಸರು ಬರಬಾರದೆಂದು ಅಲ್ಲಿ ಯಾರೂ ಹೇಳಲಿಲ್ಲ ಎಂದೆ. ಎಷ್ಟು ಹೊತ್ತಿಗೆ ಶುರುವಾಗುತ್ತದೆಂದು ಕೇಳಿದರು. ಸೋಮ, ಬುಧ, ಶುಕ್ರ, ಆರೂಮುಕ್ಕಾಲಿಗೆ. "ಶುಕ್ರವಾರ ಅವಳನ್ನ ಕರ್ಕೊಂಡು ಬರ್ತೀನಿ. ಆ ಸಿಸ್ಟರ್ ಒಪ್ಪಿದ್ರೆ ನಾನೂ ಕೂತ್ಕೋತೀನಿ" ಎಂದು ಹೇಳಿ, ಮಾಣಿಯನ್ನು ಕರೆದು ಇನ್ನೊಂದು ಬಟ್ಟಲು ಸಾಂಬಾರು, ಗಟ್ಟಿಯಾಗಿ ತಳದಿಂದ ತೆಗೆದು ತರುವಂತೆ ಹೇಳಿ ಮತ್ತೆ ಕೂತರು.