ರಕ್ತನಂಜಿನ ರೋಗಿಯ ಪರೀಕ್ಷೆ

ಗಾಯದಿಂದಲೋ ಮೂತ್ರದ ಉರಿಯಿಂದಲೋ ಆರಂಭವಾದ ಸೋಂಕು ಕೆಲವೊಮ್ಮೆ ಪ್ರಾಣಕ್ಕೇ ಎರವಾಗುವುದು. ರೋಗಾಣುಗಳೊಡನೆ ಹೋರಾಡತಕ್ಕ ದೇಹಶಕ್ತಿಯೇ ಮಿತಿಮೀರಿ ಮೂತ್ರಪಿಂಡ, ಶ್ವಾಸಕೋಶ, ಹೃದಯಾದಿ ಅಂಗಗಳನ್ನು ಕೆಡಿಸುವುದು. ಇದನ್ನೇ ವೈದ್ಯರು ಸೆಪ್ಸಿಸ್ ಎನ್ನುವರು. ೨೦೧೬ರಲ್ಲಿ ವಿದ್ವಾಂಸರು ನಿಶ್ಚಯಿಸಿದ ಲಕ್ಷಣವೂ ಇದೇ.

ಜ್ವರವೊಂದನ್ನೇ ನಂಬಲಾಗದು, ವೃದ್ಧರಲ್ಲಿ ಮೈ ತಣ್ಣಗಾಗುವುದೂ ಉಂಟು. ಸೋಂಕುಳ್ಳ ವಯಸ್ಕರಲ್ಲಿ ನಿಮಿಷಕ್ಕೆ ೨೨ ಅಥವಾ ಹೆಚ್ಚು ಉಸಿರು, ಬುದ್ಧಿಯ ಮಂಕು, ೧೦೦ ಅಥವಾ ಅದಕ್ಕಿಂತ ಇಳಿದ ಮೇಲಣ ರಕ್ತದೊತ್ತಡ, ಈ ಮೂರರಲ್ಲಿ ಎರಡು ಕಂಡರೆ ಅಪಾಯವೆಂದು ತಿಳಿಯತಕ್ಕದ್ದು. ಇವು ಕಾಣದ ಮಾತ್ರಕ್ಕೆ ನಿಶ್ಚಿಂತರಾಗಲೂ ಬಾರದು.

ಆಸ್ಪತ್ರೆಯಲ್ಲಿ ಗಂಟೆಗಂಟೆಗೂ ಮೂತ್ರವನ್ನಳೆಯುವರು. ೬೦ ಕಿಲೋ ತೂಕದವರಿಗೆ ಗಂಟೆಗೆ ೩೦ ಮಿಲಿಲೀಟರಿಗಿಂತ ಕಡಿಮೆಯಾದರೆ ಮೂತ್ರಪಿಂಡಕ್ಕೆ ರಕ್ತ ಸಾಲದೆಂದು ಶಂಕಿಸುವರು. ಬೆರಳ ತುದಿಯನ್ನು ಒತ್ತಿಬಿಟ್ಟು, ಕೆಂಪು ಮರಳಲು ೩ ಸೆಕೆಂಡು ಮೀರುವುದೇ ಎಂದು ನೋಡುವರು. ರಕ್ತದ ಲ್ಯಾಕ್ಟೇಟನ್ನು ಮರಳಿ ಮರಳಿ ಪರೀಕ್ಷಿಸುವರು. ಒಂದು ಅಂಕಿಗಿಂತ ಅದರ ಏರಿಳಿತವೇ ಮುಖ್ಯವಷ್ಟೆ.

ರಕ್ತದೊತ್ತಡ ಕುಸಿದವರಿಗೆ ಒಂದು ಗಂಟೆಯೊಳಗೆ ಔಷಧ ಸಲ್ಲಬೇಕು. ಆದುದರಿಂದ ಗೃಹಸ್ಥರು ಬೆಳಗಾಗಲೆಂದು ಕಾಯದಿರಲಿ. ರೋಗಿಯ ಸಹಜಸ್ಥಿತಿಯನ್ನು ಬಲ್ಲವರು ಮನೆಯವರೇ. “ಇವರು ಎಂದಿನಂತಿಲ್ಲ, ಇಷ್ಟು ಹೊತ್ತಿನಿಂದ ಹೀಗಿರುವರು” ಎಂಬ ಅವರ ಮಾತು ವೈದ್ಯರಿಗೆ ಬಹು ಉಪಕಾರಿಯಾದುದು.